ಬಿರುಕಿನ ಮೇಲಿನ ಗಚ್ಚು

ಹಳಿಯಾಳದ ಹಳೆಯ ಹೂದೋಟದ ಬಾಗಿಲಲ್ಲಿ ಎರಡಾಳೆತ್ತರದ ಕಲ್ಲಿನ ಕಮಾನು ಇತ್ತು. ಅದನ್ನು ಕಟ್ಟಿದವನು ರೋಷನಬಿಯ ಮುತ್ತಜ್ಜ ಬಂದೇನವಾಜ. ಅವನ ಹೆಸರು ಬಂದಾಗಲೆಲ್ಲ ಅಪ್ಪ ಕಾಸಿಂಸಾಬ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ. ಕಾಸಿಂಸಾಬನೂ ಗೌಂಡಿಯೇ. ಕಮಾನಿಗೆ ಹೊಂದಿಕೊಂಡಂತೆ ತೋಟದ ಸುತ್ತುಗೋಡೆ ಕಟ್ಟಿದವನು ಅವನು.

ತಾಯಿ ತೀರಿಕೊಂಡಾಗ ರೋಷನಬಿ ಮೂರನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಳು. ಅಂದಿನಿಂದ ಅಪ್ಪನಿಗೆ ಗಚ್ಚು ಕಲಸಿಕೊಡುವುದು ಅವಳ ಕೆಲಸ. ಸುಣ್ಣಕ್ಕೆ ಬೆಲ್ಲದ ನೀರು ಎಷ್ಟು, ಅಳಲೆಕಾಯಿ ಎಷ್ಟು ದಿನ ನೆನೆಯಬೇಕು, ಎಲ್ಲ ಹದಿನೇಳು ತುಂಬುವುದರೊಳಗೆ ಅವಳ ಕೈಗೆ ಬಂದಿತ್ತು. ಮಾತು ಮಾತ್ರ ಬಂದಿರಲಿಲ್ಲ. ಹೊರಗಿನವರು ಎದುರಾದರೆ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ದಾಸವಾಳದ ಗಿಡದ ಹಿಂದೆ ಸರಿಯುತ್ತಿದ್ದಳು. ಅಲ್ಲಿಂದ ಎಲ್ಲವನ್ನೂ ನೋಡುತ್ತಿದ್ದಳು.

ಮೂವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಸರ್ಕಾರದವರು ಈ ಸೀಮೆಯಲ್ಲಿ ನೋಡಬೇಕಾದ ಹಳೆಯ ಕಟ್ಟಡ, ತೋಟಗಳ ಯಾದಿ ಮಾಡಿ ದಾಂಡೇಲಿಯ ರೈಲು ಸ್ಟೇಶನ್ನಿನಲ್ಲಿ ಬೋರ್ಡು ಹಾಕುತ್ತಾರಂತೆ. ಉಳವಿಯ ಗುಡಿ, ಕವಳೆಯ ಗವಿ ಆಗಲೇ ಯಾದಿಗೆ ಸೇರಿವೆಯಂತೆ. ಹಳಿಯಾಳದ ಹೂದೋಟ ನೋಡಲು ಓವರ್‌ಸಿಯರ್ ನಾಗಲಿಂಗಪ್ಪನವರು ಬರುತ್ತಾರಂತೆ.

ಬಂದರು. ಸಂಪಿಗೆ ನೋಡಿದರು, ಕಲ್ಲಿನ ಬಾವಿ ನೋಡಿದರು, ತಲೆ ತೂಗಿದರು. ಕಮಾನಿನ ಕೆಳಗೆ ಮಾತ್ರ ನಿಂತುಬಿಟ್ಟರು. ಬುಡದಿಂದ ನೆತ್ತಿಯ ನಡುಗಲ್ಲಿನವರೆಗೆ ಬಿರುಕು ಹರಿದಿತ್ತು. ಕಿವಿಯ ಮೇಲಿನ ಪೆನ್ಸಿಲು ತೆಗೆದು ತೂರಿಸಿದರು. ಅರ್ಧ ಒಳಗೆ ಹೋಯಿತು.

“ಇದು ಬೀಳೂದ ಐತಿ. ಮಂದಿ ನೋಡಾಕ ಬಂದು ಸಾಯಬೇಕೇನು? ಸೋಮವಾರ ಆಳು ಕಳಸ್ತೇನಿ, ಕೆಡವಿ ಕಲ್ಲು ಹಳ್ಳದ ಸೇತುವೆಗೆ ಹಾಕ್ಲಿ. ಕಮಾನಿಲ್ಲದ ತೋಟ ಯಾದ್ಯಾಗೂ ಬ್ಯಾಡ.”

ಕಾಸಿಂಸಾಬ ಮುಂದೆ ಬಂದ. “ರಾವಸಾಹೇಬ್ರ, ನಾ ಸಣ್ಣಂವ ಇದ್ದಾಗಿಂದ ಬಿರುಕು ಹಿಂಗ ಐತ್ರಿ. ಬಂದೇನವಾಜನ ಕೆಲಸ ಇದು.”

“ನಿಮ್ಮಜ್ಜ ಕಟ್ಟಿದ್ದು. ನೀ ಮತ್ತೇನ ಹೇಳ್ತಿ?”

ಗಿಡಗಳಿಗೆ ನೀರು ಹಾಕುತ್ತಿದ್ದ ಲಾಲಿಬಾಯಿಗೆ ಸುಮ್ಮನಿರಲಾಗಲಿಲ್ಲ. “ಪೆನ್ಸಿಲು ಹೋದ್ರ ಬೀಳತೈತೇನ್ರಿ ಸಾಹೇಬ್ರ? ನನ್ನ ಹಲ್ಲಿನ ಸಂದ್ಯಾಗ ಕಡ್ಡಿ ಹೋಗತೈತಿ. ನಾ ಇನ್ನೂ ನಿಂತೇನಲ್ಲ!”

ಯಾರೂ ನಗಲಿಲ್ಲ. ದಾಸವಾಳದ ಹಿಂದೆ ರೋಷನಬಿ ಕಮಾನಿಗೆ ಹಬ್ಬಿದ ಮಲ್ಲಿಗೆ ಬಳ್ಳಿಯನ್ನೇ ನೋಡುತ್ತಿದ್ದಳು.

ಆ ಕಮಾನು ಬೀಳುವುದಿಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಬಿರುಕಿಗೆ ಅಡ್ಡವಾಗಿ ತೆಳ್ಳಗೆ ಗಚ್ಚಿನ ಪಟ್ಟಿ ಮೆತ್ತಿದರೆ, ಕಟ್ಟಡ ಕೂದಲೆಳೆಯಷ್ಟು ಅಲುಗಿದರೂ ಮೊದಲು ಪಟ್ಟಿ ಸೀಳುತ್ತದೆ. ಕಲಿಸಿದವನು ಅಪ್ಪನೇ. ಕಮಾನಿಗೂ ಹಾಕೋಣವೆಂದು ಕೇಳಿದ್ದಕ್ಕೆ, “ಬಂದೇನವಾಜನ ಕೆಲಸಕ್ಕೆ ಪರೀಕ್ಷೆ ಇಡೂ ಅಷ್ಟ ದೊಡ್ಡಾಕಿ ಆದೆಯೇನು?” ಎಂದು ಗದರಿದ್ದ. ಎರಡು ವರ್ಷದ ಕೆಳಗೆ, ಅವನು ಮುಂಡಗೋಡಿಗೆ ಹೋದ ದಿನ, ಏಕೆಂದು ಹೇಳದೆ ಲಾಲಿಬಾಯಿಯ ಕೈಲಿ ನಿಚ್ಚಣಿಕೆ ಹಿಡಿಸಿ ಅವಳು ಕಮಾನಿನ ಮೇಲೆ ಮೂರು ಪಟ್ಟಿ ಹಾಕಿದ್ದಳು. ಉಳಿದ ಗಚ್ಚಿನಿಂದ ಅಪ್ಪನ ಗೋಡೆಯ ಸಣ್ಣ ಬಿರುಕಿಗೂ ಒಂದು ಹಾಕಿದ್ದಳು.

ಕಮಾನಿನ ಮೂರೂ ಇಡಿಯಾಗಿದ್ದವು. ಅಪ್ಪನ ಗೋಡೆಯದು ಸೀಳಿತ್ತು. ಮೂರರ ಮಾತು ಎತ್ತಿದರೆ ನಾಲ್ಕನೆಯದೂ ಹೊರಬೀಳುತ್ತದೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಓವರ್‌ಸಿಯರರು ಕೊಡೆ ಬಿಚ್ಚಿ ಹೊರಟರು. ಅಪ್ಪ ಕಮಾನಿನ ಕಲ್ಲಿಗೆ ಅಂಗೈ ಊರಿ ನಿಂತಿದ್ದ. ಅವನ ಬೆನ್ನು ಬಾಗಿತ್ತು.

“ಸಾಹೇಬ್ರ,” ಎಂಬ ದನಿ ತನ್ನದೇ ಎಂದು ತಿಳಿಯಲು ರೋಷನಬಿಗೆ ಒಂದು ಗಳಿಗೆ ಬೇಕಾಯಿತು. “ಅದು ಬೀಳೂದಿಲ್ರಿ. ಮಲ್ಲಿಗಿ ಬಳ್ಳಿ ಸರಸಿ ನೋಡ್ರಿ.”

ಲಾಲಿಬಾಯಿ ಓಡಿ ಬಂದು ಬಳ್ಳಿ ಸರಿಸಿದಳು. ಬಿರುಕಿಗೆ ಅಡ್ಡವಾಗಿ ಬೆರಳಗಲದ ಮೂರು ಬಿಳಿಯ ಪಟ್ಟಿಗಳು ಕಂಡವು. ಒಂದರ ಮೇಲೂ ಗೆರೆ ಇರಲಿಲ್ಲ. ಮೊದಲನೆಯದರಲ್ಲಿ ‘ಜೂನ ೧೯೩೭’ ಎಂದು ಕೊರೆದಿತ್ತು.

ನಾಗಲಿಂಗಪ್ಪನವರು ಕನ್ನಡಕ ಏರಿಸಿದರು. “ಇದನ್ನ ನಿನ್ನೆ ಮೆತ್ತಿ ಹಳೇ ತಾರೀಖು ಬರದಿಲ್ಲಂತ ಹೆಂಗ ನಂಬೂದು?”

“ಹಸಿ ಇದ್ದಾಗ ಮೊಳೀಲೆ ಬರದೇನ್ರಿ. ಅಕ್ಷರದಾಗ ಪಾಚಿ ಕುಂತೈತಿ. ಎರಡ ಮಳಿಗಾಲದ್ದು. ಪಾಚಿ ನಿನ್ನೆ ಹಚ್ಚಾಕ ಬರೂದಿಲ್ರಿ.”

ಅವರು ಪೆನ್ಸಿಲಿನ ಮೊನೆಯಿಂದ ಕೆರೆದರು. ಒಣಗಿದ ಕರಿ ಹಸಿರು ಪಾಚಿ ಪುಡಿಯಾಗಿ ಉದುರಿತು.

“ಆತು ಬಿಡು. ಕಟ್ಟಡ ಅಲಗಿದ್ರೂ ನಿನ್ನ ಗಚ್ಚು ಗಟ್ಟಿ ನಿಂತಿರಬೇಕು. ಅಲಗಿದ್ರ ಇದು ಮುರೀತೈತಿ ಅನ್ನಾಕ ಏನ ಸಾಕ್ಷಿ?”

ಸಾಕ್ಷಿ ಹತ್ತು ಹೆಜ್ಜೆ ಆಚೆಗಿತ್ತು. ರೋಷನಬಿ ಅಪ್ಪನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

“ಮುರದದ್ದೂ ಒಂದ ಐತ್ರಿ. ಅದಽ ಗಚ್ಚು, ಅದಽ ದಿನ ಹಾಕಿದ್ದು.” ಗೋಡೆಯ ಬಳಿ ನಡೆದು ತೋರಿಸಿದಳು. “ಈ ಗ್ವಾಡಿ ಕುಸಿಯಾಕತ್ತೈತಿ. ಇದನ್ನ ಕೆಡವಬೇಕ್ರಿ, ಕಮಾನ ಅಲ್ಲ.”

“ಗ್ವಾಡಿ ಯಾರ ಕಟ್ಟಿದ್ದು?”

“ನಮ್ಮ ಅಬ್ಬಾ.”

ಲಾಲಿಬಾಯಿಯ ಕೊಡದಿಂದ ನೀರು ಸೋರುವುದು ಕೇಳಿಸುತ್ತಿತ್ತು. ಕಾಸಿಂಸಾಬ ಬಂದು ಕುಕ್ಕರಗಾಲಲ್ಲಿ ಕುಳಿತ. ಸೀಳಿದ ಪಟ್ಟಿಯ ಮೇಲೆ ಉಗುರು ಎಳೆದ. ಒಂದು ಅಂಚು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಕೆಳಗಿಳಿದಿತ್ತು.

“ಬುನಾದಿ ಕುಸದೈತ್ರಿ, ರಾವಸಾಹೇಬ್ರ. ತಪ್ಪು ನಂದು. ನನ್ನ ಗ್ವಾಡಿ ನಾನಽ ಕೆಡವಿ ಕಟ್ತೇನಿ. ಆಳು ಕಳಸಬ್ಯಾಡ್ರಿ.”

ನಾಗಲಿಂಗಪ್ಪನವರು ತಂದೆಯನ್ನೂ ಮಗಳನ್ನೂ ಒಮ್ಮೆ ನೋಡಿದರು. “ಅಪ್ಪನ ಕೆಲಸಾನಽ ಸರಿ ಇಲ್ಲ ಅಂತಾಳ. ಈಕಿ ಮಾತು ನಂಬಬೇಕಾತು.” ಯಾದಿಯ ಕಾಗದ ಬಿಚ್ಚಿದರು. “ಏನ ಹೆಸರು ಈ ಹುಡಿಗಿದು?”

ಕಾಸಿಂಸಾಬ ಎದ್ದ. ಬಂದೇನವಾಜನ ಹೆಸರಿಗೆ ಮಾಡುತ್ತಿದ್ದಂತೆಯೇ ಬೆನ್ನು ನೆಟ್ಟಗೆ ಮಾಡಿಕೊಂಡ. “ನನ್ನ ಮಗಳ್ರಿ. ರೋಷನಬಿ. ಗೌಂಡಿ.”

ದಸರೆಯ ಹೊತ್ತಿಗೆ ಹೊಸ ಗೋಡೆ ಎದ್ದಿತ್ತು, ದಾಂಡೇಲಿಯಲ್ಲಿ ಬೋರ್ಡು ಏರಿತ್ತು. ಅದನ್ನು ಓದಿಕೊಂಡು ಧಾರವಾಡದ ಕುಟುಂಬವೊಂದು ಚಕ್ಕಡಿಯಲ್ಲಿ ಬಂದಿಳಿಯಿತು. ಲಾಲಿಬಾಯಿ ಅವರನ್ನು ಕಮಾನಿನ ಕೆಳಗೆ ನಿಲ್ಲಿಸಿ ಕತೆ ಶುರು ಮಾಡಿದಳು.

“ಬೀಳಾಕ ಬಂದಿತ್ರಿ! ಗೌಂಡಿ ಮಗಳು ಎರಡೂ ಕೈಲೆ ಹಿಡದು ನಿಲ್ಲಿಸಿದ್ಲು!”

ದಾಸವಾಳದ ಎಲೆ ಅಲುಗಿತು. ರೋಷನಬಿ ಸೆರಗಿಗೆ ಕೈ ಒರೆಸುತ್ತ ಹೊರಬಂದಳು.

“ಸುಳ್ಳ ಹೇಳಬ್ಯಾಡ, ಮಾವಶಿ. ಯಾರೂ ಹಿಡದಿಲ್ಲ, ಅದು ತಾನಽ ನಿಂತೈತಿ.” ಬಂದವರ ಕಡೆ ತಿರುಗಿ ಬಳ್ಳಿ ಸರಿಸಿದಳು. “ಬರ್ರಿ, ಹೆಂಗ ನಿಂತೈತಿ ಅಂತ ನಾ ತೋರಸ್ತೇನಿ.”