ಬಣ್ಣ ಬಿಡದ ಮೋಹಿನಿ

'ಬಂಡೆ ಮೋಹಿನಿ' ಸಿನಿಮಾ ಹೇಗಿದೆ ಎಂದು ಕಂಡವರೆಲ್ಲ ನನ್ನನ್ನು ಕೇಳುತ್ತಾರೆ. ಸರಿ, ಹೇಳಿಯೇಬಿಡುತ್ತೇನೆ. ಕಥೆ ಬರೀ ಬೂಸಾ. ಹೀರೋಗೆ ಅಳುವುದಕ್ಕೆ ಬರುವುದಿಲ್ಲ, ನಗುವುದಕ್ಕಂತೂ ಮೊದಲೇ ಬರುವುದಿಲ್ಲ. ಎರಡೂವರೆ ಗಂಟೆಯಲ್ಲಿ ಹದಿನಾಲ್ಕು ಕೊಲೆ. ಆದರೆ ರಕ್ತ ಮಾತ್ರ ಅಪ್ಪಟ ಚಿನ್ನ. ಯಾಕೆಂದರೆ ಆ ರಕ್ತ ಕಾಸಿದವಳು ನಾನು.

ನನ್ನ ಹೆಸರು ಕಾಂಚನಾ. ಮೊಳಕಾಲ್ಮುರಿನ ಯರ್ರಪ್ಪಜ್ಜನ ಬಣ್ಣದ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತೇನೆ. ಆರು ವರ್ಷದಲ್ಲಿ ಹಸಿರು, ನೀಲಿ, ಹಳದಿ ಎಲ್ಲ ಹಂಡೆಗೂ ಕೋಲು ಹಾಕಿದ್ದೇನೆ. ಕೆಂಪಿನ ಹಂಡೆಯ ಹತ್ತಿರ ಮಾತ್ರ ಅಜ್ಜ ಸೇರಿಸುತ್ತಿರಲಿಲ್ಲ. ಯರ್ರ ಅಂದರೆ ತೆಲುಗಿನಲ್ಲಿ ಕೆಂಪು. "ನನ್ ಹೆಸ್ರಾಗೇ ಐತೆ, ಅದು ನನ್ ಕೆಲ್ಸ" ಎನ್ನುತ್ತಿದ್ದ.

"ಕೆಂಪನ್ನ ನಂಬಂಗಿಲ್ಲ ಅಮ್ಮಾಯಿ. ಮದುವೆ ಸೀರೆ ಒಂದ್ಸಲ ಬಣ್ಣ ಬಿಡ್ತು ಅಂದ್ರೆ ಮುಗೀತು. ಊರು ಕ್ಯಾಕರಿಸಿ ಉಗೀತೈತೆ."

ಈಗ ಅಜ್ಜನ ಕೈ ನಡುಗುತ್ತದೆ. ಕೆಂಪಿನ ಕೋಲನ್ನು ಯಾರಿಗಾದರೂ ಕೊಡಲೇಬೇಕು. ಕಣ್ಣೆದುರಿಗೆ ನಾನಿದ್ದೇನೆ ತಾನೇ? ಇಲ್ಲ, ರಾಯದುರ್ಗದಿಂದ ತಂಗಿಯ ಮಗ ಬಾಲರಾಜು ಸೋಮವಾರ ಬರುತ್ತಾನಂತೆ! ನೀಲಿಗೂ ನೇರಳೆಗೂ ವ್ಯತ್ಯಾಸ ತಿಳಿಯದ ಆಸಾಮಿ! ನನಗೆ ಮೈಯೆಲ್ಲ ಉರಿದುಹೋಯಿತು.

ಹೋದ ವರ್ಷ ಪಕ್ಕದ ಸಿದ್ದಾಪುರದ ಕಡೆ ಬಂಡೆಗಳ ನಡುವೆ ಈ ಸಿನಿಮಾದ ಶೂಟಿಂಗ್ ಆಗಿತ್ತು. ಅವರು ತಂದಿದ್ದ ಬಾಟಲಿ ರಕ್ತ ನಮ್ಮ ಬಿಸಿಲಿಗೆ ಕಿತ್ತಳೆ ಶರಬತ್ತಾಗಿಬಿಟ್ಟಿತ್ತು. ಮೋಹಿನಿಯ ಬಿಳಿ ರೇಷ್ಮೆ ಸೀರೆಗೆ ರಕ್ತದ ಕಲೆ ಹಾಕಿಕೊಡಿ ಎಂದು ನಮ್ಮಲ್ಲಿಗೆ ಬಂದರು. ಅಜ್ಜ ಊರಲ್ಲಿರಲಿಲ್ಲ. ಕಲೆ ಹಾಕುವುದು ನನಗೇನು ಗೊತ್ತು? ಗೊತ್ತಿರುವುದು ಬಣ್ಣ ಹಾಕುವುದು. ನೀರು ಕುದಿಸಿ, ಹದ ನೋಡಿ, ಅಜ್ಜ ಮದುವೆ ಸೀರೆಗೆ ಹಾಕುವುದನ್ನು ದೂರದಿಂದ ನೋಡಿದ್ದ ಹಾಗೆಯೇ ಕೆಂಪು ಹಾಕಿಕೊಟ್ಟೆ. ಮಿಕ್ಕ ಬಣ್ಣವನ್ನು ಅವರು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋದರು. ಅಜ್ಜನಿಗೆ ಹೇಳಿದರೆ, "ಸಿನಿಮಾ ರಕ್ತಾನೂ ಒಂದು ಬಣ್ಣ ಏನೇ?" ಎಂದು ನಕ್ಕುಬಿಟ್ಟ.

ಸಿನಿಮಾ ಚಳ್ಳಕೆರೆಗೆ ಬಂದ ಶನಿವಾರ ನಾನು ಹಟ ಹಿಡಿದೆ. "ಅಜ್ಜಾ, ಒಂದ್ಸಲ ಬಂದು ನೋಡ್ರಿ. ನನ್ ಕೆಂಪು ಸರಿ ಇಲ್ಲ ಅಂದ್ರೆ ಬಾಲರಾಜು ಕೈಗೆ ನಾನೇ ಕೋಲು ಕೊಡ್ತೀನಿ."

ಅಜ್ಜ ಒಪ್ಪಿದ. ಗೆಳತಿ ದಾಕ್ಷಾಯಿಣಿಯೂ ಜೊತೆಗೆ ಹೊರಟಳು. ಅವಳಿಗೆ ದೆವ್ವದ ಸಿನಿಮಾ ಅಂದರೆ ಪ್ರಾಣ, ಆದರೆ ನೋಡುವುದು ಬೆರಳ ಸಂದಿಯಿಂದ. ಮೂವರೂ ಬಸ್ಸು ಹತ್ತಿ ಮ್ಯಾಟಿನಿಗೆ ಹೋಗಿ ಕೂತೆವು.

ಐದನೇ ನಿಮಿಷಕ್ಕೇ ಮೊದಲ ಕೊಲೆ. "ಅಯ್ಯೋ ಅವ್ವಾ, ರುಂಡ ಹೋತು!" ಎಂದು ದಾಕ್ಷಾಯಿಣಿ ನನ್ನ ತೋಳು ಚಿವುಟಿದಳು.

ಅಜ್ಜ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದ. "ರುಂಡ ಹೋಗ್ಲಿ, ಸೆರಗು ತೋರ್ಸಾಕೆ ಹೇಳು. ಲೈಟ್ ಹಾಕಾಕೆ ಏನ್ ದಾಡಿ ಇವ್ರಿಗೆ?"

ಮುಂದಿನ ಮೂರು ಸಾಲು ಗೊಳ್ಳೆಂದಿತು.

ಸುಳ್ಳು ಯಾಕೆ ಹೇಳಲಿ, ಒಂದು ಕಡೆ ನಾನೂ ಹೆದರಿದೆ. ಮೋಹಿನಿ ಬಂಡೆಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ಸಂಗೀತ ಇಲ್ಲ, ಕಿರುಚಾಟ ಇಲ್ಲ. ಥಿಯೇಟರಿನಲ್ಲಿ ಮಂಡಕ್ಕಿ ಅಗಿಯುವ ಸದ್ದೂ ನಿಂತುಹೋಯಿತು. ಹಾಗೇ ಬಿಟ್ಟಿದ್ದರೆ ಸಿನಿಮಾ ಗೆಲ್ಲುತ್ತಿತ್ತು. ಕೇಳುತ್ತಾರೆಯೇ? ಮತ್ತೆ ಕೊಚ್ಚು, ಮತ್ತೆ ಕತ್ತರಿಸು. ಖಾರದ ಮೇಲೆ ಖಾರ ಸುರಿದರೆ ನಾಲಿಗೆ ಸತ್ತುಹೋಗುತ್ತದಲ್ಲ, ಏಳನೇ ಕೊಲೆಗೆ ದಾಕ್ಷಾಯಿಣಿಯೇ ಆಕಳಿಸಿದಳು.

ಇಂಟರ್ವಲ್‌ನಲ್ಲಿ ಮಿರ್ಚಿ ಕೊಡಿಸಿ ಮೆಲ್ಲಗೆ ಕೇಳಿದೆ. "ಹೆಂಗೈತ್ರಿ ಅಜ್ಜಾ, ಕೆಂಪು?"

"ಮೊದ್ಲ ದಿನ ಎಲ್ಲಾ ಕೆಂಪೂ ಚೆಂದಾನೇ. ನೀರು ಬಿದ್ದಾಗ ನೋಡ್ಬೇಕು."

ನನ್ನ ಪಾಲಿನ ಮಿರ್ಚಿಯನ್ನು ದಾಕ್ಷಾಯಿಣಿಯ ಕೈಗಿಟ್ಟೆ.

ನೀರು ಬಿತ್ತು. ಕ್ಲೈಮ್ಯಾಕ್ಸಿನಲ್ಲಿ ಮಳೆ ಸುರಿದು ಮೋಹಿನಿಯ ಪಾಪವೂ ರಕ್ತವೂ ತೊಳೆದುಹೋಗಬೇಕು, ಅವಳು ಬಿಳಿ ಸೀರೆಯ ದೇವತೆಯಾಗಬೇಕು. ಪಿಟೀಲು ಕುಯ್ಯೋ ಎಂದು ಅಳುತ್ತಿದೆ, ಟ್ಯಾಂಕರುಗಟ್ಟಲೆ ನೀರು ಸುರಿಯುತ್ತಿದೆ. ನನ್ನ ರಕ್ತ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ! ಹೀರೋ ಸೆರಗು ಹಿಡಿದು ಉಜ್ಜಿದ, ಹಿಂಡಿದ, ಇನ್ನೊಮ್ಮೆ ಉಜ್ಜಿದ. ಕಲೆ ಇದ್ದಲ್ಲೇ ಇತ್ತು. "ಆಹಾ, ಎಲ್ಲಾ ತೊಳೆದುಹೋಯ್ತು" ಎಂದು ಡೈಲಾಗ್ ಬೇರೆ ಹೊಡೆದ. ಹಿಂದೆಯೇ ಮದುವೆಯ ಹಾಡು ಬಂತು. ಅದರಲ್ಲಿ ಮದುಮಗ ಹೀರೋನ ಒಂದು ಕಿವಿ ಕೆಂಪಗೆ ಹೊಳೆಯುತ್ತಿತ್ತು. ಬಕೆಟ್ಟಿನಿಂದ ಸಿಡಿದ ಬಣ್ಣ ಅವನನ್ನೂ ಬಿಟ್ಟಿರಲಿಲ್ಲ.

"ಲೇ, ಕಿವಿ ತೊಳ್ಕಂಡು ತಾಳಿ ಕಟ್ಟಲೇ!" ಎಂದು ಯಾರೋ ಕೂಗಿದರು. ಶಿಳ್ಳೆಯೋ ಶಿಳ್ಳೆ. ನಾನು ಸೀಟಿನಲ್ಲಿ ಕುಗ್ಗಿ ಕುಗ್ಗಿ ನೆಲಕ್ಕೆ ಇಳಿಯುವುದೊಂದು ಬಾಕಿ. ಅವರ ಕ್ಲೈಮ್ಯಾಕ್ಸನ್ನು ಕೊಂದವಳು ನಾನೇ. ಹದಿನೈದನೇ ಕೊಲೆ ನನ್ನದು. ಕೋಲು ಬಾಲರಾಜುಗೇ ಹೋಯಿತು ಅಂದುಕೊಂಡೆ.

ಪಕ್ಕದಲ್ಲಿ ಅಜ್ಜ ಎದ್ದು ನಿಂತಿದ್ದ.

"ಬಣ್ಣ ಬಿಡ್ಲಿಲ್ಲ! ನೋಡಿದ್ರೇನ್ರೋ? ಆ ಪಾಟಿ ಹಿಂಡಿದ್ರೂ ನೀರು ತಿಳಿಯಾಗೇ ಹೋತು! ಒಂದು ತೊಟ್ಟು ಬಿಡ್ಲಿಲ್ಲ!"

"ಅಜ್ಜಾ, ಕೂತ್ಕಳ್ರಿ!" ಹಿಂದಿನಿಂದ ಕೂಗಿದರು.

"ಕೂರಲ್ಲ ಹೋಗಲೇ! ಇನ್ನೊಂದು ಟ್ಯಾಂಕರ್ ಹೊಡ್ಸಾಕೇಳು ಅವ್ನಿಗೆ, ಬಿಡ್ತೈತಾ ನೋಡಾನ!"

ದಾಕ್ಷಾಯಿಣಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ನನಗೆ ನಗುವೋ ಅಳುವೋ ಏನೂ ತಿಳಿಯಲಿಲ್ಲ.

ವಾಪಸ್ ಬಸ್ಸಿನಲ್ಲಿ ಕೋಲಿನ ವಿಷಯ ಕೇಳಲು ನನಗೆ ಧೈರ್ಯ ಬರಲಿಲ್ಲ. ಊರು ಹತ್ತಿರವಾದಾಗ ಅಜ್ಜ ಜೇಬಿನಿಂದ ಫೋನು ತೆಗೆದು, ನಡುಗುವ ಬೆರಳಲ್ಲಿ ಒತ್ತಿದ.

"ಒರೇ ಬಾಲರಾಜು, ರಾವದ್ದುರಾ" ಎಂದ. ಬರಬೇಡ ಕಣೋ ಎಂದು. ಆ ಕಡೆಯಿಂದ ಬಾಲರಾಜು ಏನೋ ಕೇಳಿದ. ಅಜ್ಜ ಒಮ್ಮೆ ನನ್ನ ಕಡೆ ನೋಡಿ, ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದ.

"ಕೆಂಪಿಗೆ ಜನ ಸಿಕ್ಕೈತೆ. ಯಾರಾ? ನಮ್ ಹುಡುಗೀನೇ ಕಣೋ. ಯರ್ರಮ್ಮ ಅಂತ."

ನಾನು ಕಿಟಕಿಯ ಕಡೆ ತಿರುಗಿ ಗಳಗಳನೆ ಅತ್ತುಬಿಟ್ಟೆ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ದಾಕ್ಷಾಯಿಣಿ ಎಚ್ಚೆತ್ತು ನನ್ನ ಬೆನ್ನು ಸವರಿದಳು.

"ಹೆದ್ರಬ್ಯಾಡ ಕಣೇ" ಎಂದಳು, "ಬರೀ ಸಿನಿಮಾ ಅದು."