ಈಕಿ ಯಾರ ಬಾಜೂಕ ಕುಂದರಬೇಕು?

ನಮ್ಮ ಸಂಘದ ಮೇಲೆ ನನಗಿನ್ನೂ ಸಿಟ್ಟಿದೆ. ನನ್ನ ಮೇಲೂ ಇದೆ, ಯಾಕೆಂದರೆ ಅವತ್ತು ನಾನೂ ನಕ್ಕೆ.

ಬೆಳಗಾವಿಯ ಅನಗೋಳದಲ್ಲಿ ನಮ್ಮದು ಎಂಟು ಹೆಂಗಸರ ರೊಟ್ಟಿ ಸಂಘ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ಅಲ್ಲಿಗೆ ಪ್ರಮಿಳಾ ಬಂದಳು. ಖಾನಾಪುರ ತಾಲ್ಲೂಕಿನ ಜಾಂಬೋಟಿಯವಳು, ಅನಗೋಳದ ಹೊಸ ಸೊಸೆ. "ಎಂಟು ದಿನ ನೋಡು. ಆಗದಿದ್ರ ಮನ್ಯಾಗ ಬಿದ್ದಿರು," ಎಂದು ಅತ್ತೆ ಹೇಳಿ ಕಳಿಸಿದ್ದಳು. ನಾವು ಮೂರು ದಿನ ಅವಳನ್ನು ಪಾತ್ರೆ ತೊಳೆಯಲು ಹಚ್ಚಿದೆವು. ನಾಲ್ಕನೆಯ ದಿನ ಏಕಾಏಕಿ ಒಲೆಯ ಮುಂದೆ ಕೂರಿಸಿದೆವು.

ಅವರ ಕಡೆ ಅಕ್ಕಿ ರೊಟ್ಟಿ. ಹಿಟ್ಟನ್ನೆಲ್ಲ ಒಮ್ಮೆಗೇ ಬೇಯಿಸಿ ನಾದಿಟ್ಟುಕೊಳ್ಳುತ್ತಾರೆ. ಪಾಪ, ಜೋಳದ ಹಿಟ್ಟನ್ನೂ ಹಾಗೇ ಪರಾತದ ತುಂಬ ನಾದಿಟ್ಟಳು. ಜೋಳದ್ದು ಪ್ರತಿ ಸಲ ಎರಡು ರೊಟ್ಟಿಗಾಗುವಷ್ಟೇ ನಾದಬೇಕು, ಇಟ್ಟರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಎಂಟು ಜನ ನೋಡುತ್ತ ಕೂತಿದ್ದೆವು, ಒಬ್ಬಳೂ ಬಾಯಿ ಬಿಡಲಿಲ್ಲ. ರೊಟ್ಟಿ ಒಂದೊಂದೇ ಹರಿದಾಗ ಮಾತ್ರ ಎಲ್ಲರಿಗೂ ನಗು ಬಂತು.

ಸಂಘದ ಮುಖ್ಯಸ್ಥೆ ನಿಂಗವ್ವ, "ನಾಳಿಂದ ಬರಬ್ಯಾಡವಾ," ಎಂದಳು. ಪ್ರಮಿಳಾ ಕಣ್ಣೊರೆಸಿಕೊಂಡು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

ಆಗ ನಮ್ಮಲ್ಲಿ ಹಿರಿಯಳಾದ ಕಾಡವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ನಿಂಗವ್ವಾ, ಆಕಿಗೆ ನಾವು ಯಾರರ ಹೇಳಿಕೊಟ್ಟೀವೇನು?"

"ನಮಗ್ಯಾರು ಹೇಳಿಕೊಟ್ಟಾರಕ್ಕಾ? ನೋಡಿ ಕಲತಿಲ್ಲೇನು?"

"ನೀ ನಿಮ್ಮವ್ವನ ಬಾಜೂಕ ಕುಂತು ಕಲತಿ. ನೀ ಹರದ ರೊಟ್ಟಿ ಆಕಿ ತಿಂದಾಳ, ನಿನ್ನ ಹೊರಗ ಹಾಕಿಲ್ಲ. ಈಕಿ ಇಲ್ಲೆ ಯಾರ ಬಾಜೂಕ ಕುಂದರಬೇಕು?"

"ಕಲಿಸ್ಕೋಂತ ಕುಂತ್ರ ಖಾನಾವಳಿಯವ್ರು ಕಾಯ್ತಾರೇನು?"

"ಹರದ ರೊಟ್ಟಿ ತಗೋತಾರೇನು ಮತ್ತ?"

ಕಾಡವ್ವ ಬಾಗಿಲಿಗೆ ಹೋಗಿ ಪ್ರಮಿಳಾಳ ಚೀಲ ಇಸಿದುಕೊಂಡಳು. "ಬಾ ಮಗಳ, ನನ್ನ ಬಾಜೂಕ ಕುಂದರ. ತಿಳೀದಿದ್ರ ನನ್ನ ಕೇಳು, ನಾಚಬ್ಯಾಡ."

ಎಂಟನೆಯ ದಿನ ಪ್ರಮಿಳಾ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನಿಂಗವ್ವ ಮುರಿದು ತಿಂದು ನೋಡಿದಳು. "ನಾಕು ರೊಟ್ಟಿ ಮನಿಗೆ ಒಯ್ಯಿ. ನಿಮ್ಮತ್ತಿಗೆ ತಿನ್ನಿಸು," ಎಂದಳು. ಮರುದಿನ ಪ್ರಮಿಳಾಳನ್ನು ಅತ್ತೆಯೇ ಬಾಗಿಲ ತನಕ ಬಿಟ್ಟುಹೋದಳು.

ಮೊನ್ನೆ ಖಾನಾಪುರದ ಸಾಕ್ಷಿ ಹೊಸದಾಗಿ ಸೇರಿದಳು. ಪ್ರಮಿಳಾ ತಾನೇ ಸರಿದು ಜಾಗ ಮಾಡಿಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘಕ್ಕೋ ಕೆಲಸದ ಜಾಗಕ್ಕೋ ಹೊಸಬರು ಬಂದರೆ ಮೊದಲ ದಿನವೇ ಅವರಿಗೊಬ್ಬರನ್ನು ಜೊತೆ ಮಾಡಿ. ಇವರನ್ನು ಕೇಳು ಎಂದು ಹೆಸರು ಹಿಡಿದು ತೋರಿಸಿ. ಅಷ್ಟೂ ಆಗದಿದ್ದರೆ ಅವರನ್ನು ನೋಡಿ ನಗಬೇಡಿ. ನಿಮಗೂ ಒಂದು ದಿನ ಯಾರೋ ಕಲಿಸಿದ್ದರು.