ಡೀಸೆಲ್ ಪಂಪ್ ಬಿಚ್ಚಿದ ದಿನ

ಸುಗಂಧಿಗೆ ಇಂಜಿನ್ ಕೆಲಸ ಕಲಿಸಿದ್ದು ಅವಳ ಅಪ್ಪ ವಾಸು. ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯಲ್ಲಿ ಅವರು ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಬರೀ ಸದ್ದು ಕೇಳಿ ಎಲ್ಲಿ ತೊಂದರೆ ಎಂದು ಹೇಳುತ್ತಿದ್ದಳು. ಮದುವೆಯಾದದ್ದು ಮಾತ್ರ ಸ್ಪಾನರಿನ ನಂಬರೂ ತಿಳಿಯದವನನ್ನು.

ರೂಪೇಶ್ ಮಸ್ಕತ್ತಿನ ಮೊಬೈಲ್ ಅಂಗಡಿಯ ಕೆಲಸ ಬಿಟ್ಟು ಬಂದು, ಕಾರ್ಕಳದ ಶಾಲೆಯೊಂದು ಮಾರಿದ ಹಳೆಯ ಮಿನಿಬಸ್ ಕೊಂಡುಕೊಂಡ. ಸೀಟುಗಳನ್ನು ಕಿತ್ತು ಮಂಚ, ಒಲೆ, ನೀರಿನ ಟಾಂಕಿ ಕೂರಿಸಿದರು. ಬಸ್ಸೇ ಮನೆಯಾಯಿತು. 'ಚಕ್ರದ ಮನೆ' ಎಂದು ಯೂಟ್ಯೂಬ್ ಚಾನೆಲ್ ಕೂಡ ಶುರುವಾಯಿತು. ಬಸ್ಸಿನ ಎಲ್ಲ ರಿಪೇರಿಯನ್ನೂ ತಾನೇ ಮಾಡಿಕೊಳ್ಳುವ ಗಂಡಸು, ಇದು ಚಾನೆಲ್ಲಿನ ಕತೆ. ಮಾಡಿನ ಸೋರಿಕೆಗೆ ಸೀಲೆಂಟ್ ಹಚ್ಚಿದವಳು, ನೀರಿನ ಪಂಪಿನ ವಯರ್ ಜೋಡಿಸಿದವಳು, ಕ್ಲಚ್ ಸರಿ ಮಾಡಿದವಳು ಸುಗಂಧಿ. ಅವಳು ಮುಗಿಸಿದ ಮೇಲೆ ರೂಪೇಶ್ ಕೈಗೆ ಗ್ರೀಸ್ ಬಳಿದುಕೊಂಡು ಕ್ಯಾಮೆರಾದ ಎದುರು ಕೊನೆಯ ಬೋಲ್ಟ್ ತಿರುಗಿಸುತ್ತಿದ್ದ.

"ನಾನು ಹದಿನಾಲ್ಕರ ಸ್ಪಾನರ್ ಕೇಳಿದರೆ ಹತ್ತರದ್ದು ಕೊಡು" ಎಂದು ಅವಳಿಗೆ ಹೇಳಿಕೊಟ್ಟಿದ್ದ. " ಪೆದ್ದಿಯ ಹಾಗೆ ನಿಲ್ಲು. ಜನ ಅದನ್ನೇ ನೋಡುವುದು ಮಾರಾಯ್ತಿ."

ಅವಳು ನಿಂತಳು. ಜನ ನಕ್ಕರು. ಕೆಮ್ಮಣ್ಣಿನಲ್ಲೂ ನಕ್ಕರು. ಅಪ್ಪ ಒಮ್ಮೆ ಫೋನ್ ಮಾಡಿ, "ನಾನು ಕಲಿಸಿದ್ದೆಲ್ಲ ಮರೆತೇ ಹೋಯಿತಾ ನಿನಗೆ?" ಎಂದು ಕೇಳಿದ್ದರು. ಅವಳು ಮಾತು ತಿರುಗಿಸಿದ್ದಳು. ಗಂಡನ ಗುಟ್ಟು ತವರಿನಲ್ಲಿ ಬಿಚ್ಚಬಾರದು ಎಂದುಕೊಂಡಿದ್ದಳು.

ಕುದುರೆಮುಖಕ್ಕೆ ಹೊರಟಾಗ ಬಜಗೋಳಿ ದಾಟಿದ ಮೇಲಿನ ಏರಿನಲ್ಲಿ ಹಿಂದಿನ ಚಕ್ರದ ಬ್ರೇಕ್ ಕಚ್ಚಿಕೊಂಡಿತು. ಸುಗಂಧಿ ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಜಾಕ್ ಏರಿಸಿ, ಹಿಂದಿನ ಚಕ್ರ ಕಳಚಿ, ಬ್ರೇಕ್ ಡ್ರಮ್ಮಿನ ಕೆಳಗೆ ಕೈ ಹಾಕಿದಳು. ರೂಪೇಶ್ ಫೋನನ್ನು ನೆಲದ ಮಟ್ಟಕ್ಕೆ ಹಿಡಿದು ಬಸ್ಸಿನಡಿಯಿಂದ ಚಿತ್ರ ತೆಗೆಯುತ್ತಿದ್ದ. ಕಲ್ಲುಗಳು ಅಡ್ಡ ಬಂದವು. ಎರಡನ್ನೂ ಕಾಲಿನಿಂದ ಸರಿಸಿದ.

"ಕಲ್ಲು ಮುಟ್ಟಬೇಡಿ!" ಎಂದು ಅವಳು ಕೂಗುವುದರೊಳಗೆ ಬಸ್ ಒಂದು ಗೇಣು ಹಿಂದೆ ಜಾರಿತು, ಜಾಕ್ ಮಗುಚಿತು, ಡ್ರಮ್ ಅವಳ ಎಡಗೈ ಮೇಲೆ ಕುಳಿತಿತು.

ಅವಳು ಚೀರುತ್ತಲೇ ಗಂಡನ ಕಡೆ ನೋಡಿದಳು. ಅವನು ಫೋನ್ ಕೆಳಗಿಳಿಸಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಜೀಪಿನವರು ಇಳಿದು ಬಂದು ಜಾಕ್ ಏರಿಸಿದರು.

ಮಣಿಪಾಲದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯ ದಿನ ರೂಪೇಶ್ ಅವಳ ಮಂಚದ ಬಳಿ ಕುಳಿತೇ ವೀಡಿಯೋ ಹಾಕಿದ. 'ಹೆಂಡತಿ ಮಾಡಿದ ಒಂದೇ ತಪ್ಪು.' ಕಲ್ಲು ಸರಿಸಿದ ಭಾಗ ಅದರಲ್ಲಿರಲಿಲ್ಲ. "ಅಡ್ಡ ಕಲ್ಲಿಡು ಎಂದು ಎಷ್ಟು ಸಲ ಹೇಳಿದ್ದೆ. ನೀವಾದರೂ ಮರೆಯಬೇಡಿ" ಎಂದು ಕಣ್ಣೊರೆಸಿಕೊಂಡಿದ್ದ.

"ಇಷ್ಟು ಜನ ಯಾವತ್ತೂ ನೋಡಿಲ್ಲ" ಎಂದು ಅವಳಿಗೆ ಫೋನ್ ತೋರಿಸಿದ. "ನಿನ್ನ ಚೀರಾಟ ಸ್ವಲ್ಪ ಒಡೆದ ಹಾಗೆ ಕೇಳುತ್ತದೆ. ಮನೆಗೆ ಹೋದ ಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡುವ, ಆಯ್ತಾ?"

ಆಸ್ಪತ್ರೆಯಿಂದ ಸುಗಂಧಿ ಅಪ್ಪನ ಜೊತೆ ಕೆಮ್ಮಣ್ಣಿಗೆ ಹೋದಳು. ಅಪ್ಪನೂ ವೀಡಿಯೋ ನೋಡಿದ್ದರು.

"ಎರಡು ಕಲ್ಲಿಡಲು ಎಷ್ಟು ಹೊತ್ತು ಬೇಕು? ನನ್ನ ಮಗಳು ಎಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ."

"ಇಟ್ಟಿದ್ದೆ ಅಪ್ಪ. ಅವರು ತೆಗೆದದ್ದು."

"ನೋಡಿದೆನಲ್ಲ. ಕಲ್ಲೇ ಇರಲಿಲ್ಲ ಅಲ್ಲಿ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ಮೂರು ಬೆರಳಿನ ಕೈಯಿಂದ ಮೀನು ಕೊಯ್ಯಲು ಕಲಿತಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ರೂಪೇಶನ ಫೋನ್ ಬಂತು. ಕಾಪು ಬೀಚಿನ ಹತ್ತಿರ ಬಸ್ ನಿಂತಿದೆ, ಸ್ಟಾರ್ಟ್ ಆಗಿ ಸಾಯುತ್ತದೆ ಎಂದ. "ಮೆಕ್ಯಾನಿಕ್ಕನ್ನು ಕರೆದರೆ ನನ್ನ ಮರ್ಯಾದೆ ಎಂತ ಆಗಬೇಕು? ಹತ್ತು ಗಂಟೆಗೆ ಲೈವ್ ಉಂಟು ಎಂದು ಹೇಳಿಬಿಟ್ಟಿದ್ದೇನೆ. ನಾನು ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ನೀನು ಒಂದೊಂದಾಗಿ ಹೇಳು. ನಾನು ಮಾಡುತ್ತೇನೆ."

"ಒಮ್ಮೆ ಸ್ಟಾರ್ಟ್ ಮಾಡಿ. ಸದ್ದು ಕೇಳಲಿ."

ಇಂಜಿನ್ ಎರಡು ಬಾರಿ ಕೆಮ್ಮಿ ಆರಿತು. ಜಗಲಿಯಲ್ಲಿ ಬಲೆ ಬಿಡಿಸುತ್ತಿದ್ದ ವಾಸು ತಲೆ ಎತ್ತಿ, "ಡೀಸೆಲ್ ಲೈನಿಗೆ ಏರ್ ಹೊಕ್ಕಿದೆ. ಹತ್ತು ನಿಮಿಷದ ಕೆಲಸ" ಎಂದರು.

ಸುಗಂಧಿ ತುಟಿಯ ಮೇಲೆ ಬೆರಳಿಟ್ಟಳು.

"ಡೀಸೆಲ್ ಪಂಪ್ ಹೋಗಿದೆ. ಪೂರ್ತಿ ಬಿಚ್ಚಿ ತೊಳೆಯಬೇಕು" ಎಂದಳು ಫೋನಿಗೆ.

ಹತ್ತು ಗಂಟೆಗೆ ಅಪ್ಪನ ಫೋನಿನಲ್ಲಿ ಲೈವ್ ತೆರೆದು ಎದುರಿಗಿಟ್ಟಳು. ಅವಸರ ಮಾಡಲಿಲ್ಲ. ಯಾವ ನಟ್, ಯಾವ ಸ್ಪಾನರ್, ಎಷ್ಟು ಸುತ್ತು, ಎಲ್ಲವನ್ನೂ ಸಣ್ಣ ದನಿಯಲ್ಲಿ, ಮಗುವಿಗೆ ಅಕ್ಷರ ಹೇಳಿಕೊಟ್ಟ ಹಾಗೆ ಹೇಳಿದಳು. ರೂಪೇಶ್ ಅದನ್ನೇ ದೊಡ್ಡ ದನಿಯಲ್ಲಿ ಜನರಿಗೆ ಪಾಠ ಮಾಡಿದ. ಪೈಪುಗಳು ಕಳಚಿದವು. ಪಂಪು ಹೊರಗೆ ಬಂತು. ಒಳಗಿನ ಸ್ಪ್ರಿಂಗುಗಳು, ಸೂಜಿಯಷ್ಟು ಸಣ್ಣ ತುಂಡುಗಳು ನೆಲಕ್ಕೆ ಹಾಸಿದ, ಮೈಯೊರೆಸುವ ಬೈರಾಸಿನ ಮೇಲೆ ಸಾಲಾಗಿ ಕುಳಿತವು. ಕಡಲಗಾಳಿಗೆ ಬೈರಾಸಿನ ತುದಿ ಹಾರಿತು. ಕೆಲವು ಮರಳಿಗೆ ಬಿದ್ದವು. ಅವನು ಮರಳು ಸಮೇತ ಬಾಚಿ ಮತ್ತೆ ಮೇಲಿಟ್ಟ.

"ಇನ್ನು ಎಂತ?" ಎಂದು ಪಿಸುಗುಟ್ಟಿದ.

ಸುಗಂಧಿ ತನ್ನ ಫೋನನ್ನು ಜಗಲಿಯ ಮೇಲೆ ಬೋರಲು ಇಟ್ಟಳು.

"ಹಲೋ? ಇದನ್ನೆಲ್ಲ ವಾಪಸ್ ಹೇಗೆ ಕೂರಿಸುವುದು? ಹೇಳು ಮಾರಾಯ್ತಿ, ಜನ ನೋಡುತ್ತಿದ್ದಾರೆ!" ಈಗ ಅವನು ಪಿಸುಗುಡುತ್ತಿರಲಿಲ್ಲ. ಅವನು ಯಾರನ್ನೋ ಕೇಳಿ ಮಾಡುತ್ತಿದ್ದಾನೆ ಎಂಬುದು ನೋಡುವವರಿಗೂ ತಿಳಿಯಿತು. ಸುತ್ತ ಸೇರಿದವರಲ್ಲಿ ಒಬ್ಬ ಮುದುಕ ಡ್ರೈವರ್ ಬಗ್ಗಿ ನೋಡಿ, "ಇದನ್ನು ಯಾಕೆ ಬಿಚ್ಚಿದ್ದು ಮಾರಾಯ? ಏರ್ ತೆಗೆದರೆ ಸಾಕಿತ್ತಲ್ಲ. ಮರಳು ಹೊಕ್ಕಿದ ಪಂಪ್ ಇನ್ನು ಕೆಲಸಕ್ಕೆ ಬಾರದು" ಎಂದ. ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ರೂಪೇಶ್ ಮೊಣಕಾಲೂರಿ ಕುಳಿತು, "ಸುಗಂಧೀ, ಸುಗಂಧೀ" ಎಂದು ಕೂಗುತ್ತ ಮರಳು ಕೆದಕುತ್ತಿದ್ದ. ಲೈವ್ ನಿಲ್ಲಿಸಬೇಕೆಂದೂ ಅವನಿಗೆ ಹೊಳೆಯಲಿಲ್ಲ.

ಅವಳು ಪೂರ್ತಿ ನೋಡಿದಳು. ಒಲೆಯ ಮೇಲಿನ ಗಂಜಿ ಸೀದ ವಾಸನೆ ಬಂದಾಗಲೂ ಏಳಲಿಲ್ಲ.

ವಾಸು ಮಗಳನ್ನೇ ನೋಡುತ್ತಿದ್ದರು. "ಹಾಗಾದರೆ ಇಷ್ಟು ದಿನ ಕೆಲಸ ಮಾಡಿದ್ದೆಲ್ಲ ನೀನೇ" ಎಂದರು. ಅವಳ ಎಡಗೈ ನೋಡಿ, "ಕಲ್ಲು ಕೂಡ ಇಟ್ಟಿದ್ದೆ" ಎಂದರು.

"ಹೌದು."

"ಅವನ ಕೆನ್ನೆಗೆ ಎರಡು ಬಾರಿಸಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ ಮಗಳೇ. ಆ ಇಂಜಿನ್ ನಿನಗೆ ಎಂತ ಮಾಡಿತ್ತು?"

"ನನ್ನ ಬೆರಳು ಅವರಿಗೆ ಎಂತ ಮಾಡಿತ್ತು?"

ವಾಸು ಬಲೆಯನ್ನು ಹಾಗೇ ಬಿಟ್ಟು ಹೊಳೆಯ ಕಡೆ ಹೋದರು.

ಮಳೆಗಾಲ ಶುರುವಾಗುವ ಮೊದಲು ಬಸ್ಸನ್ನು ಯಾರೋ ಗುಜರಿಗೆ ಎಳೆದುಕೊಂಡು ಹೋದರಂತೆ. ರೂಪೇಶ್ ಮಸ್ಕತ್ತಿಗೆ ವಾಪಸ್ ಹೋದನೆಂದು ಕೆಲವರು ಹೇಳಿದರು. ಸುಗಂಧಿ ವಿಚಾರಿಸಲಿಲ್ಲ. ಅವಳು ಈಗ ಅಪ್ಪನ ಜೊತೆ ದೋಣಿಗಳ ಕೆಲಸಕ್ಕೆ ಹೋಗುತ್ತಾಳೆ. ದೋಣಿಯವರು ಬಂದರೆ ವಾಸು ಅವಳನ್ನೇ ತೋರಿಸುತ್ತಾರೆ. ಆದರೆ ಅವಳು ಪಂಪಿಗೆ ಕೈ ಹಾಕಿದಾಗ ಮಾತ್ರ ತಮ್ಮ ಕೆಲಸ ಬಿಟ್ಟು ಬಂದು, ಮುಗಿಯುವವರೆಗೂ ಅವಳ ಪಕ್ಕದಲ್ಲೇ ನಿಲ್ಲುತ್ತಾರೆ.